ಬಲಕ್ಕೆ ಸುತ್ತುವ ಬಳ್ಳಿ

"ಇವರು?" ಎಂದು ದೊಡ್ಡ ಡಾಕ್ಟರು ಕೇಳಿದಾಗ ಅವನ ಕೈಯಲ್ಲಿ ಅರ್ಧ ಕುಡಿದ ಜ್ಯೂಸಿನ ಲೋಟವಿತ್ತು, ಪಕ್ಕದಲ್ಲಿ ಅಕ್ಕ ನಿಂತಿದ್ದಳು.

"ನರ್ಸರಿಯವರು ಸಾರ್," ಎಂದ ಅವನು. "ನನಗೆ ಎಲೆಗಿಲೆ ತಂದುಕೊಡ್ತಾರೆ."

ಬಾಯಿ ತಪ್ಪಿ ಬಂದ ಮಾತು ಎಂದು ಆಮೇಲೆ ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಆದರೆ ತಪ್ಪಿ ಬಂದದ್ದಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಗುಟುಕು ಜ್ಯೂಸು ಕುಡಿದಿದ್ದ. ಅಷ್ಟು ಹೊತ್ತಿನಲ್ಲಿ ಮನುಷ್ಯ ಬೇಕಾದಷ್ಟು ಯೋಚನೆ ಮಾಡಬಲ್ಲ. ಅಕ್ಕ ಎನ್ನುವುದಕ್ಕೆ ಎಷ್ಟು ಉಸಿರು ಬೇಕು? ಅದನ್ನು ಬಿಟ್ಟು ಇಷ್ಟುದ್ದದ ಸುಳ್ಳನ್ನು ಹುಡುಕಿ ತೆಗೆದಿದ್ದ.

ಅಕ್ಕನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. "ಹೌದು ಸಾರ್, ನರ್ಸರಿಯಿಂದ ಬಂದಿದೀನಿ," ಎಂದು ಡಾಕ್ಟರಿಗೆ ಹೇಳಿದಳು. ಆಮೇಲೆ ತಮ್ಮನ ಕಡೆ ತಿರುಗಿ, "ಚೆನ್ನಾಗಿ ಬಂದಿವೆ ನಿಮ್ಮ ಚಿತ್ರಗಳು," ಎಂದಳು. ನಲವತ್ತಾರು ವರ್ಷ ಅವನನ್ನು "ಲೋ ಗುಂಡ" ಎಂದೇ ಕರೆದ ಬಾಯಿ ಅದು. ಹುಟ್ಟಿದಾಗ ಗುಂಡಗಿದ್ದನಂತೆ, ಈಗ ಬೆಲ್ಟಿಗೆ ಎರಡು ತೂತು ಹೆಚ್ಚಿಗೆ ಹೊಡೆಸಿಕೊಂಡು ಓಡಾಡುತ್ತಿದ್ದರೂ ಹೆಸರು ಮಾತ್ರ ಕರಗಿರಲಿಲ್ಲ.

ಅದು ಕಣ್ಣಾಸ್ಪತ್ರೆಯಲ್ಲಿ ರೋಗಿಗಳು ಕಾಯುವ ಹೊಸ ಹಜಾರ. ಗೋಡೆಯುದ್ದಕ್ಕೂ ಅವನ ಹನ್ನೆರಡು ಚಿತ್ರಗಳು, ಒಂದೊಂದೂ ಬಾಗಿಲಿನಷ್ಟು ಎತ್ತರ. ಕಂಪ್ಯೂಟರಿನಲ್ಲಿ ಮಾಡಿ, ದಪ್ಪ ಕ್ಯಾನ್ವಾಸಿನ ಮೇಲೆ ಮುದ್ರಿಸಿ, ಚೌಕಟ್ಟು ಹಾಕಿದ್ದವು. ನೀಲಿಯೊಳಗೆ ಕಿತ್ತಳೆ ಬಣ್ಣದ ಹೊಳೆಗಳು, ಕಪ್ಪಿನಲ್ಲಿ ಹಸಿರು ಬಿರುಕು, ಬಿಳಿಯ ಮೇಲೆ ಎಣಿಸಲಾಗದಷ್ಟು ಕೆಂಪು ಚುಕ್ಕೆ. ಒಂದೊಂದರ ಕೆಳಗೂ ಗಿಡದ ಹೆಸರಿದ್ದರೂ ಯಾವುದರಲ್ಲೂ ಗಿಡವೆಂಬುದು ಥಟ್ಟನೆ ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೆ ಎಲ್ಲವೂ ಗಿಡಗಳೇ, ಅದೂ ಆ ನೆಲದಲ್ಲಿ ಯಾರೂ ನೆಡದೆ ತಾವಾಗಿಯೇ ಹುಟ್ಟಿ ಬೆಳೆಯುವಂಥವು. ಬಾಗಿಲ ಬಳಿಯ ಫಲಕ ಹಾಗೆಂದು ಹೇಳುತ್ತಿತ್ತು: "ಕಲಾವಿದರು ಮೂರು ವರ್ಷ ಗುಡ್ಡ ಕಾಡು ಅಲೆದು, ಒಂದೊಂದು ಗಿಡದ ಪಕ್ಕದಲ್ಲೂ ಕುಳಿತು, ಅದರ ಉಸಿರನ್ನು ಬಣ್ಣಕ್ಕೆ ಇಳಿಸಿದ್ದಾರೆ." ಬರೆದುಕೊಟ್ಟದ್ದು ಕಲಾವಿದರೇ. ಆ ಮೂರು ವರ್ಷದಲ್ಲಿ ಕಲಾವಿದರು ಅಲೆದ ಅತಿ ದೂರದ ಜಾಗವೆಂದರೆ ಪ್ರಿಂಟರಿನ ಇಂಕು ಮಾರುವ ಅಂಗಡಿ.

ಗುಡ್ಡ ಹತ್ತಿದ್ದು ಅಕ್ಕ. ಊರಾಚೆಯ ನರ್ಸರಿಯಲ್ಲಿ ಅವಳಿಗೆ ಕೆಲಸ. ಕಾಡುಗಿಡಗಳ ಬೀಜ, ಗೆಡ್ಡೆ ಆರಿಸಿ ತಂದು ಸಸಿ ಮಾಡುವುದು. ಪ್ರತಿ ಭಾನುವಾರ ಹತ್ತೂವರೆಯ ಬಸ್ಸಿಗೆ ತಮ್ಮನ ಮನೆಗೆ ಬರುತ್ತಿದ್ದಳು, ಕೈಯಲ್ಲಿ ಒಂದು ದೊಡ್ಡ ಸ್ಟೀಲಿನ ಟಿಫಿನ್ ಡಬ್ಬಿ. ಒಳಗೆ ಒದ್ದೆ ಬಟ್ಟೆ, ಬಟ್ಟೆಯ ಪದರದಲ್ಲಿ ಎಲೆಗಳು, ಒಂದೊಂದರ ತೊಟ್ಟಿಗೂ ಹೆಸರು ಬರೆದ ಚೀಟಿ. "ತಗೋ, ನಿನ್ನ ಊಟ," ಎಂದು ಡಬ್ಬಿಯನ್ನು ಮೇಜಿನ ಮೇಲಿಡುವಳು.

ಅವನು ಅದಕ್ಕೂ ಮೊದಲು ಇಪ್ಪತ್ತು ವರ್ಷ ಒಂದು ಬ್ಯಾನರ್ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತಿದ್ದ. ಹುಟ್ಟುಹಬ್ಬದವರ ಮುಖ ಬೆಳ್ಳಗೆ ಮಾಡುವುದು, ತೀರಿಕೊಂಡವರ ಸುತ್ತ ಹೂವು ಜೋಡಿಸುವುದು, ಚುನಾವಣೆ ಬಂದರೆ ಇಬ್ಬರನ್ನೂ ಬಿಟ್ಟು ನಾಯಕರ ತಲೆಗೆ ಕೂದಲು ತುಂಬುವುದು. ಬೇಸರದ ಒಂದು ಭಾನುವಾರ ಅಕ್ಕ ಗುಡ್ಡದಿಂದ ನರ್ಸರಿಗೆ ಒಯ್ಯುತ್ತಿದ್ದ ಡಬ್ಬಿಯಿಂದ ಒಂದು ಎಲೆ ತೆಗೆದು ತಮಾಷೆಗೆ ಸ್ಕ್ಯಾನರಿನ ಗಾಜಿನ ಮೇಲಿಟ್ಟ. ಪರದೆಯ ಮೇಲೆ ನೂರು ಪಟ್ಟು ಹಿಗ್ಗಿಸಿದಾಗ ಅದರ ನರಗಳು ಊರಿನ ರಸ್ತೆಗಳ ನಕಾಶೆಯಂತೆ ಹರಡಿಕೊಂಡವು. ಬಣ್ಣ ಬದಲಾಯಿಸಿದ, ಮಡಿಸಿದ, ಒಂದರ ಮೇಲೊಂದು ಪದರ ಹಾಕಿದ. ಸಂಜೆಯಾಗುವ ಹೊತ್ತಿಗೆ ಎಲೆ ಮಾಯವಾಗಿ ಬೇರೆಯೇ ಒಂದು ಉಳಿದಿತ್ತು. ಅವತ್ತು ಅವನು ಊಟಕ್ಕೂ ಏಳಲಿಲ್ಲ.

ಅಂದಿನಿಂದ ಅದೇ ಅವನ ಗೀಳು. ಅಕ್ಕ ಟೀ ಲೋಟ ಹಿಡಿದು ಹಿಂದೆ ನಿಂತು ನೋಡುತ್ತಿದ್ದಳು. ಅವನು ಎಷ್ಟೇ ಜಗ್ಗಲಿ, ಹಿಂಡಲಿ, ಬಣ್ಣ ಸುರಿಯಲಿ, ಅವಳು ಗುರುತು ಹಿಡಿಯದೆ ಬಿಡುತ್ತಿರಲಿಲ್ಲ. "ಇದು ಕಲ್ಲಿನ ಸಂದೀಲಿ ಬೆಳೆಯೋದು. ಬೆನ್ನ ಮೇಲಿನ ರೋಮ ಎಲ್ಲಿ ಕಳೆದೆಯೋ?" ಎನ್ನುವಳು. ಚಿತ್ರಗಳು ಕಣ್ಣಾಸ್ಪತ್ರೆಗೆ ಹೋಗುತ್ತವೆ ಎಂದು ಗೊತ್ತಾದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು: "ಬಂದೋರೆಲ್ಲ ಇದನ್ನ ನೋಡಿ, ಅಯ್ಯೋ ಪವರ್ ಜಾಸ್ತಿಯಾಗಿದೆ ಅಂತ ಹೆದರ್ಕೊಂಡು ಒಳಗೋಗ್ತಾರೆ ಕಣೋ. ಡಾಕ್ಟರಿಗೆ ಒಳ್ಳೆ ವ್ಯಾಪಾರ."

ಹಾಗಿದ್ದ ಅಕ್ಕನನ್ನು ಅವನು ಯಾಕೆ ಅಲ್ಲಗಳೆದ? ಡಾಕ್ಟರು ಕೇಳುವುದಕ್ಕೆ ಸ್ವಲ್ಪ ಮುಂಚೆ ಅವನು ಹನ್ನೆರಡನೆಯ ಚಿತ್ರದ ಮುಂದೆ ನಿಂತು ಕತೆ ಹೇಳುತ್ತಿದ್ದ. ಈ ಬಳ್ಳಿ ಹುಡುಕಿಕೊಂಡು ಗುಡ್ಡದ ನೆತ್ತಿಗೆ ಹೋಗಿದ್ದೆ, ಬಂಡೆ ಮೇಲೆ ಪಾಚಿ, ಕಾಲು ಜಾರಿ ಮೊಣಕೈ ಸೀಳಿಹೋಯಿತು, ಆರು ಹೊಲಿಗೆ ಎಂದು. ಹೇಳುತ್ತ ತೋಳು ಮಡಿಸಿ ಮೊಣಕೈ ಬೇರೆ ತೋರಿಸಿದ. ಅಲ್ಲಿ ಏನೂ ಇರಲಿಲ್ಲ, ಡಾಕ್ಟರು ಸೌಜನ್ಯಕ್ಕೆ ತಲೆಯಾಡಿಸಿದರು. ಬಿದ್ದದ್ದು ಅಕ್ಕ, ಹೊಲಿಗೆ ಅಕ್ಕನದು. ಅವಳು ಯಾವಾಗ ಬಂದು ಪಕ್ಕದಲ್ಲಿ ನಿಂತಿದ್ದಳೋ ಅವನಿಗೆ ಗೊತ್ತಾಗಿರಲಿಲ್ಲ. ಇದೊಂದು ಕಾರಣ. ಇನ್ನೊಂದು ಕಾರಣವನ್ನು ಅವನು ಬಹಳ ದಿನ ತನ್ನಿಂದಲೇ ಬಚ್ಚಿಟ್ಟುಕೊಂಡಿದ್ದ. ಅಕ್ಕ ಪೆಟ್ಟಿಗೆಯ ತಳದ ನೀಲಿ ಸೀರೆ ತೆಗೆದು ಇಸ್ತ್ರಿ ಮಾಡಿ ಉಟ್ಟು ಬಂದಿದ್ದಳು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು; ಆದರೆ ಉಗುರಿನ ಸಂದಿಯ ಮಣ್ಣು ಹಾಗೇ ಇತ್ತು. ಎಷ್ಟು ತಿಕ್ಕಿದರೂ ಹೋಗದ ಮಣ್ಣು ಅದು. ಅವನಿಗೆ ಅದನ್ನು ನೋಡಿ ನಾಚಿಕೆಯಾಯಿತು.

ಅಕ್ಕ ಒಬ್ಬಳೇ ಹನ್ನೆರಡೂ ಚಿತ್ರಗಳನ್ನು ನೋಡುತ್ತ ಹೋದಳು. ಬಳ್ಳಿಯ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ತೋರುಬೆರಳನ್ನು ಗಾಳಿಯಲ್ಲಿ ಒಂದು ಸಲ ಹೀಗೆ ತಿರುಗಿಸಿದಳು, ಒಂದು ಸಲ ಹಾಗೆ. ಆಮೇಲೆ ತಮ್ಮನ ಕಡೆಗೊಮ್ಮೆ ನೋಡಿದಳು. ಅವನು ಡಾಕ್ಟರ ಜೊತೆ ಫೋಟೋಕ್ಕೆ ನಿಲ್ಲುತ್ತಿದ್ದ. ಫೋಟೋ ಮುಗಿದು ತಿರುಗಿದರೆ ಅಕ್ಕ ಇರಲಿಲ್ಲ.

ಹೊರಡುವಾಗ ರಿಸೆಪ್ಶನ್ನಿನ ಹುಡುಗಿ ಕೂಗಿ ಕರೆದಳು. "ಸಾರ್, ನರ್ಸರಿಯಿಂದ ಕೊಟ್ಟು ಹೋಗಿದಾರೆ," ಎಂದು ಟಿಫಿನ್ ಡಬ್ಬಿಯನ್ನು ಮುಂದೆ ತಳ್ಳಿದಳು. ಅಲ್ಲೇ ಬೆಂಚಿನ ಮೇಲೆ ಕೂತು ಮುಚ್ಚಳ ತೆಗೆದ. ಒದ್ದೆ ಬಟ್ಟೆಯ ನಡುವೆ ಗೇಣುದ್ದದ ಒಂದು ಕಡ್ಡಿ, ಕಡ್ಡಿಗೆ ಸುತ್ತಿಕೊಂಡ ಅದೇ ಬಳ್ಳಿಯ ಹಸಿ ಕುಡಿ. ಚಿತ್ರದ ಪಕ್ಕದಲ್ಲಿ ನಿಜವಾದದ್ದೂ ಇರಲಿ, ಬಂದವರು ನೋಡಲಿ ಎಂದು ತಂದಿರಬೇಕು. ಅವನು ಕಡ್ಡಿಯನ್ನು ಕೈಗೆತ್ತಿಕೊಂಡು ಗೋಡೆ ನೋಡಿದ. ಕಡ್ಡಿಯ ಮೇಲಿನ ಬಳ್ಳಿ ಬಲಕ್ಕೆ ಸುತ್ತುತ್ತ ಮೇಲೇರಿತ್ತು, ಗೋಡೆಯ ಮೇಲೆ ಬಣ್ಣದ ಗೆರೆಗಳಾಗಿ ಉಳಿದಿದ್ದ ಅದರ ಸುತ್ತು ಎಡಕ್ಕೆ.

ಅದು ಹೇಗಾಯಿತೆಂದು ನೆನಪಿಗೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ಗೋಡೆಯ ಎಡಕ್ಕೆ ಬಾಗಿಲಿತ್ತು. ಗೆರೆಗಳ ಓಟ ಬಾಗಿಲಿಂದ ಆಚೆ ಓಡಿಹೋಗುವಂತೆ ಕಾಣುತ್ತದೆ, ಒಳಗೆ ಬರುವಂತಿರಬೇಕು ಎಂದು ಕೊನೆಯ ದಿನ ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿದ್ದ. ಒಂದೇ ಒಂದು ಗುಂಡಿ ಒತ್ತುವ ಕೆಲಸ. ಬ್ಯಾನರ್ ಅಂಗಡಿಯಲ್ಲಿ ದಿನಕ್ಕೆ ಹತ್ತು ಜನರ ಮುಖವನ್ನು ಹಾಗೆ ಮಗುಚುತ್ತಿದ್ದ, ಒಬ್ಬರೂ ಬಂದು ಕೇಳಿರಲಿಲ್ಲ.

ಮುಂದಿನ ಭಾನುವಾರ ಅಕ್ಕ ಬರಲಿಲ್ಲ. ಹನ್ನೊಂದು ಗಂಟೆಗೆ ಅವನು ಸ್ಕ್ಯಾನರಿನ ಗಾಜು ಒರೆಸಿದ, ಹನ್ನೊಂದೂವರೆಗೆ ಮತ್ತೆ ಒರೆಸಿದ. "ಅತ್ತಿಗೆ ಎಲ್ಲಿ ಇವತ್ತು?" ಎಂದು ಹೆಂಡತಿ ಕೇಳಿದಳು. "ನರ್ಸರೀಲಿ ಕೆಲಸ ಜಾಸ್ತಿಯಂತೆ," ಎಂದ. ಈ ಸಲ ಯೋಚಿಸುವುದಕ್ಕೆ ಒಂದು ಗುಟುಕಿನ ಹೊತ್ತೂ ಬೇಕಾಗಲಿಲ್ಲ, ಅಭ್ಯಾಸವಾಗುತ್ತಿತ್ತು. ಅಕ್ಕನಿಗೆ ಫೋನು ಮಾಡಿದರೆ, "ನೀರು ಹಾಕ್ತಿದೀನಿ, ಆಮೇಲೆ," ಎಂದು ಇಟ್ಟಳು. ಆಮೇಲೆ ಎಂಬುದು ಬರಲೇ ಇಲ್ಲ.

ಬಂದದ್ದು ದೊಡ್ಡ ಡಾಕ್ಟರ ಫೋನು. ಮಕ್ಕಳ ವಿಭಾಗಕ್ಕೆ ಇನ್ನೂ ಹತ್ತು ಚಿತ್ರ ಬೇಕಂತೆ. ಅಷ್ಟೇ ಅಲ್ಲ, ಡಾಕ್ಟರುಗಳೆಲ್ಲ ಸೇರಿ ಒಂದು ದಿನ ಗುಡ್ಡಕ್ಕೆ ಹೋಗಬೇಕೆಂದಿದ್ದಾರಂತೆ. "ನೀವು ಬಿದ್ದ ಬಂಡೆ ತೋರಿಸಬೇಕು ನಮಗೆ," ಎಂದು ನಕ್ಕರು. ಅವನೂ ನಕ್ಕ. ಫೋನಿಟ್ಟ ಮೇಲೆ ಆ ನಗು ಮುಖದ ಮೇಲೆ ಹಾಗೇ ಅಂಟಿಕೊಂಡು ಕೂತಿತು. ಈಗ ಗುಡ್ಡಕ್ಕೆ ಯಾವ ಬಸ್ಸು ಹೋಗುತ್ತದೆಂಬುದೂ ಅವನಿಗೆ ಗೊತ್ತಿರಲಿಲ್ಲ.

ಎರಡು ದಿನ ಒದ್ದಾಡಿ ಮೂರನೆಯ ದಿನ ಆಸ್ಪತ್ರೆಗೆ ಹೋದ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದ. ಡಾಕ್ಟರು ಎರಡು ಆಪರೇಷನ್ನುಗಳ ನಡುವೆ ಬಿಸ್ಕತ್ತು ತಿನ್ನುತ್ತಿದ್ದರು. ಅವನು ನಿಂತುಕೊಂಡೇ ಹೇಳಿ ಮುಗಿಸಿದ. ಈ ಚಿತ್ರಗಳಿಗಾಗಿ ಗುಡ್ಡಕ್ಕೆ ತಾನು ಹೋದವನಲ್ಲ, ಗಿಡಗಳನ್ನು ಗುರುತಿಸಿ ತಂದದ್ದು ಅಕ್ಕ, ಬಳ್ಳಿಯ ಚಿತ್ರ ತಿರುಗಾಮುರುಗಾ ಆಗಿದೆ, ಅವತ್ತು ನರ್ಸರಿಯವರು ಎಂದದ್ದು ತನ್ನ ಸ್ವಂತ ಅಕ್ಕನನ್ನು.

ಡಾಕ್ಟರು ಬಿಸ್ಕತ್ತಿನ ಪುಡಿ ಒರೆಸಿಕೊಂಡು ನೆನಪು ಮಾಡಿಕೊಳ್ಳಲು ನೋಡಿದರು. "ಯಾವ ಹೆಂಗಸು?"

"ನೀಲಿ ಸೀರೆ ಉಟ್ಟಿದ್ರು ಸಾರ್. ನೀವೇ ಕೇಳಿದ್ರಿ, ಇವರು ಯಾರು ಅಂತ."

"ಕೇಳಿದ್ನಾ? ಇರಬಹುದು. ಅವತ್ತು ಎಷ್ಟು ಜನ ಬಂದಿದ್ರು." ಆಮೇಲೆ ಸಮಾಧಾನದ ದನಿಯಲ್ಲಿ, "ಇದಕ್ಕೆಲ್ಲ ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ? ಬೋರ್ಡಿನ ಮೇಲೆ ಎಲ್ಲರೂ ಸ್ವಲ್ಪ ಹೆಚ್ಚೇ ಬರೀತಾರೆ. ಗುಡ್ಡಕ್ಕೆ ನಿಮ್ಮ ಅಕ್ಕನ್ನೂ ಕರ್ಕೊಂಡು ಬನ್ನಿ," ಎಂದರು.

"ಬಳ್ಳಿ ಚಿತ್ರ ಬೇರೆ ಮಾಡಿಸಿ ಹಾಕ್ತೀನಿ ಸಾರ್."

"ಬೇಡ ಬೇಡ. ಬಾಗಿಲಿಂದ ಒಳಗೆ ಬರೋವಾಗ ಎಷ್ಟು ಚೆನ್ನಾಗಿ ಕಾಣುತ್ತೆ. ಎಡಾನೋ ಬಲಾನೋ ಯಾರಿಗೆ ಗೊತ್ತಾಗ್ಬೇಕು?"

"ಸರಿ ಸಾರ್," ಎಂದ ಅವನು.

ಮೆಟ್ಟಿಲಿಳಿಯುವಾಗ ಹಗುರವಾಗಬೇಕಿತ್ತು, ಆಗಲಿಲ್ಲ. ಯಾರ ಮುಂದೆ ದೊಡ್ಡವನಾಗಲು ಅಕ್ಕನನ್ನು ಬಿಟ್ಟುಕೊಟ್ಟಿದ್ದನೋ ಅವರಿಗೆ ಅಕ್ಕನ ನೆನಪೇ ಇರಲಿಲ್ಲ. ಎಂದರೆ ಆ ಸುಳ್ಳು ಯಾವ ಕೆಲಸಕ್ಕೂ ಬಂದಿರಲಿಲ್ಲ. ಜಗತ್ತಿನಲ್ಲಿ ಅದನ್ನು ಕೇಳಿಸಿಕೊಂಡವರು ಇಬ್ಬರೇ, ಹೇಳಿದವನು ಮತ್ತು ಅವಳು. ಅಲ್ಲಿಂದ ಅವನು ಸೀದಾ ಊರಾಚೆಯ ಬಸ್ಸು ಹತ್ತಿದ.

ಅಕ್ಕ ಹಸಿರು ಬಲೆಯ ಚಪ್ಪರದ ಕೆಳಗೆ ಮಣೆ ಹಾಕಿಕೊಂಡು ಕೂತಿದ್ದಳು. ಸುತ್ತ ಸಾಲಾಗಿ ಮಣ್ಣು ತುಂಬಿದ ಚೀಲಗಳು. ಒಂದೊಂದರಲ್ಲೂ ಬಳ್ಳಿಯ ಎಳೆ ಕುಡಿ, ಪಕ್ಕಕ್ಕೊಂದು ಕಡ್ಡಿ. ಅವನ ನೆರಳು ಬಿದ್ದಾಗ ತಲೆಯೆತ್ತಿದಳು.

"ಬನ್ನಿ," ಎಂದಳು. "ಯಾವ ಗಿಡ ಬೇಕಿತ್ತು? ನೆರಳಿಗೋ, ಹೂವಿಗೋ?"

"ಅಕ್ಕಾ."

"ಬೇಲಿಗಾದ್ರೆ ಆ ಕಡೆ ಇದಾವೆ ನೋಡಿ."

ಅವನು ಮಣ್ಣಿನ ಮೇಲೆ ಹಾಗೇ ಕುಕ್ಕರಿಸಿದ. "ಡಾಕ್ಟರಿಗೆ ಎಲ್ಲಾ ಹೇಳಿ ಬಂದೆ ಅಕ್ಕ. ನೀನು ಯಾರು, ನಾನು ಮಾಡಿದ್ದೇನು, ಎಲ್ಲಾ."

"ಏನಂದ್ರು?"

"ಯಾವ ಹೆಂಗಸು ಅಂದ್ರು."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಮಣ್ಣಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವನೂ ನಗಲು ಹೊರಟ, ಆದರೆ ಅಷ್ಟರಲ್ಲಿ ಅವಳ ನಗು ನಿಂತಿತ್ತು.

"ನನ್ನ ವಿಷಯ ಬಿಡು," ಎಂದಳು. "ನರ್ಸರಿಯೋಳು ಅನ್ನು, ದಾರೀಲಿ ಹೋಗೋಳು ಅನ್ನು, ನಾನೇನೂ ಸವೆದು ಹೋಗಲ್ಲ. ಆ ಬಳ್ಳಿನ ಯಾಕೋ ತಿರುಗಿಸಿದೆ?"

"ಬಾಗಿಲು ಎಡಕ್ಕಿತ್ತು. ನೋಡೋಕೆ ಚೆನ್ನಾಗಿರ್ಲಿ ಅಂತ."

"ಚೆನ್ನಾಗಿರ್ಲಿ ಅಂತ," ಎಂದು ಅಕ್ಕ ಅವನ ಮಾತನ್ನೇ ಮೆಲ್ಲಗೆ ಆಡಿದಳು. "ಎಡಕ್ಕೆ ಸುತ್ತೋದು ಯಾವುದು ಅಂತ ಮರೆತೇ ಹೋಯ್ತಾ ನಿಂಗೆ?"

ಅವನು ಮರೆತಿದ್ದ. ಅವಳು ಕೇಳಿದ ಮೇಲೆ ನೆನಪಾಯಿತು, ಅದೂ ಮೊದಲು ಗಂಟಲಿಗೆ. ಚಿಕ್ಕಂದಿನಲ್ಲಿ ಮನೆಯಲ್ಲಿ ಹಿಟ್ಟು ಮುಗಿದ ದಿನಗಳಲ್ಲಿ ಅಮ್ಮ ಇಬ್ಬರನ್ನೂ ಕರೆದುಕೊಂಡು ಗುಡ್ಡಕ್ಕೆ ಗೆಡ್ಡೆ ಅಗೆಯಲು ಹೋಗುತ್ತಿದ್ದಳು. ಎರಡು ಬಳ್ಳಿ, ಎಲೆ ನೋಡಿದರೆ ಅವಳಿ ಮಕ್ಕಳು. ಬಲಕ್ಕೆ ಸುತ್ತಿದ್ದು ಹೊಟ್ಟೆಗೆ, ಎಡಕ್ಕೆ ಸುತ್ತಿದ್ದನ್ನು ಮುಟ್ಟಬಾರದು ಎಂದು ಅಮ್ಮ ಇಬ್ಬರ ಬೆರಳನ್ನೂ ಹಿಡಿದು ಗಾಳಿಯಲ್ಲಿ ಸುತ್ತಿಸಿ ಕಲಿಸಿದ್ದಳು. ಐದು ವರ್ಷದ ಗುಂಡ ತಾನೂ ಒಂದು ಅಗೆದೆನೆಂಬ ಹೆಮ್ಮೆಯಲ್ಲಿ ಎಡದ್ದನ್ನು ಕಿತ್ತು, ಹಸಿಯಾಗಿಯೇ ಕಚ್ಚಿದ್ದ. ಗಂಟಲು ಊದಿ ಉಸಿರು ಕಟ್ಟಿತು. ಹದಿಮೂರು ವರ್ಷದ ಅಕ್ಕ ಅವನನ್ನು ಬೆನ್ನಿಗೆ ಹಾಕಿಕೊಂಡು ಗುಡ್ಡದ ಬುಡದ ಆಸ್ಪತ್ರೆಯವರೆಗೆ ಓಡಿದ್ದಳು, ಬರಿಗಾಲಲ್ಲಿ.

"ನಾನು ತಂದುಕೊಟ್ಟಿದ್ದು ಒಳ್ಳೇದನ್ನ," ಎಂದಳು ಅಕ್ಕ. "ನಮ್ಮನ್ನ ಸಾಕಿದ್ದು ಅದು. ನೀನು ಗೋಡೆ ಮೇಲೆ ಹಾಕಿರೋದು ನಿನ್ನ ಗಂಟಲು ಊದಿಸಿದ್ದನ್ನ. ಅದರ ಕೆಳಗೆ ಒಳ್ಳೇದರ ಹೆಸರು ಬರೆದಿದೀಯ. ಬದಲಾಯಿಸ್ತಾರಂತಾ?"

"ಬೇಡ ಅಂದ್ರು."

"ನೀನೇನಂದೆ?"

ಅವನು ಚೀಲದ ಮಣ್ಣನ್ನು ನೋಡಿದ. "ಸರಿ ಅಂದೆ."

ಅಕ್ಕ ಬೈದಿದ್ದರೆ ಆಗುತ್ತಿತ್ತು. ಅವಳು ದಾರದ ಉಂಡೆಯನ್ನು ಅವನ ಕಡೆ ಉರುಳಿಸಿ, ಕುಡಿಗಳನ್ನು ಕಡ್ಡಿಗೆ ಸುತ್ತಿ ಸಡಿಲವಾಗಿ ಕಟ್ಟಲು ಸನ್ನೆ ಮಾಡಿದಳು. ಅವನು ಕಟ್ಟತೊಡಗಿದ. ಮೌಸು ಹಿಡಿದು ನುಣುಪಾದ ಬೆರಳುಗಳಿಗೆ ಆ ಎಳೆಯ ಕುಡಿ ಸಿಗದೆ ನುಣುಚಿಕೊಳ್ಳುತ್ತಿತ್ತು. ಸ್ಕ್ಯಾನರಿನ ಗಾಜಿನಾಚೆ ಎಷ್ಟೋ ಸಲ ಕಂಡ ಗಿಡವನ್ನು ಅವನು ಚಿಕ್ಕಂದಿನ ನಂತರ ಮಣ್ಣಿನಲ್ಲಿ ಬೇರೂರಿದ್ದಂತೆ ನೋಡುತ್ತಿದ್ದುದು ಇದೇ ಮೊದಲು.

ನಾಲ್ಕು ಚೀಲ ಮುಗಿದಿರಬಹುದು, ಗಿಡ ಕೊಳ್ಳಲು ಒಬ್ಬ ಹೆಂಗಸು ಬಂದಳು. ಹೊಸದಾಗಿ ಕಟ್ಟಿಸಿದ ಮನೆಯಂತೆ, ಗೋಡೆಗೆ ಹಬ್ಬಿಸಲು ಏನಾದರೂ ಬೇಕಂತೆ. ಅಕ್ಕ ತೋರಿಸುತ್ತಿದ್ದಂತೆ ಆಕೆಯ ಕಣ್ಣು ಪ್ಯಾಂಟಿಗೆಲ್ಲ ಮಣ್ಣು ಮೆತ್ತಿಕೊಂಡು ನೆಲದಲ್ಲಿ ಕೂತಿದ್ದವನ ಮೇಲೆ ಬಿತ್ತು.

"ಇವರು?" ಎಂದಳು.

"ನನ್ನ ತಮ್ಮ," ಎಂದಳು ಅಕ್ಕ. ಕೈಲಿದ್ದ ಕೆಲಸ ನಿಲ್ಲಿಸಲಿಲ್ಲ, ಅವನ ಕಡೆ ನೋಡಲೂ ಇಲ್ಲ. "ಚಿತ್ರ ಮಾಡ್ತಾನೆ. ಕಣ್ಣಾಸ್ಪತ್ರೆ ಗೋಡೆ ತುಂಬ ಇವನದೇ."

"ಓ, ನೋಡಿದೀನಿ. ನಮ್ಮ ಅತ್ತೇನ ಕರ್ಕೊಂಡು ಹೋಗಿದ್ದೆ. ಬಾಗಿಲ ಹತ್ರದ ಬಳ್ಳೀದು ಬಹಳ ಚೆನ್ನಾಗಿದೆ."

ಅವನು ತಲೆ ಎತ್ತಲಾರದೆ ಹೋದ. ಕೇಳಿದ ಪ್ರಶ್ನೆಗೂ ಅಕ್ಕ ಕೊಟ್ಟ ಉತ್ತರಕ್ಕೂ ನಡುವೆ ಎಷ್ಟು ಹೊತ್ತಾಯಿತೆಂದು ಅವನ ಮನಸ್ಸು ಲೆಕ್ಕ ಹಾಕುತ್ತಿತ್ತು. ಹೊತ್ತೇ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಆಗದಷ್ಟು ಅವಮಾನ ಅವನಿಗೆ ಈಗ ಆಯಿತು, ಹೊಗಳಿಕೆಯ ನಡುವೆ, ಮಣ್ಣಿನಲ್ಲಿ ಕೂತು.

"ಆ ಬಳ್ಳಿ ತಪ್ಪಾಗಿದೆ," ಎಂದ ಚೀಲಕ್ಕೆ ಹೇಳುವವನ ಹಾಗೆ. ಆಮೇಲೆ ಸ್ವಲ್ಪ ಜೋರಾಗಿ ಹೇಳಿದ. "ಅದು ಎಡಕ್ಕೆ ಸುತ್ತೋದಲ್ಲ. ಅಕ್ಕ ಸರಿಯಾಗೇ ತಂದುಕೊಟ್ಟಿದ್ಲು. ನಾನು ತಿರುಗಿಸಿದೆ."

"ಹೌದಾ," ಎಂದಳು ಹೆಂಗಸು. ಆಮೇಲೆ ಅಕ್ಕನ ಕಡೆ ತಿರುಗಿ ಈ ಗಿಡಕ್ಕೆ ದಿನಾ ನೀರು ಬೇಕೋ, ದಿನ ಬಿಟ್ಟು ದಿನ ಸಾಕೋ ಎಂದು ಕೇಳಿದಳು.

ಆಕೆ ಹೋದ ಮೇಲೆ ಅಕ್ಕ ಬಂದು ಅವನ ಪಕ್ಕದಲ್ಲಿ ಮಣೆ ಎಳೆದುಕೊಂಡಳು. ಅವನು ಕಟ್ಟಿದ್ದ ನಾಲ್ಕು ಚೀಲಗಳನ್ನು ನೋಡಿದಳು. ಮೂರು ಸರಿಯಿದ್ದವು, ಒಂದನ್ನು ಎಡಕ್ಕೆ ಸುತ್ತಿದ್ದ.

"ಕಡ್ಡಿ ಅಲ್ಲಾಡದ ಹಾಗೆ ಹಿಡ್ಕೋ," ಎಂದಳು.

ಅವನು ಎರಡೂ ಕೈಯಲ್ಲಿ ಕಡ್ಡಿ ಹಿಡಿದುಕೊಂಡ. ಅಕ್ಕ ಅವನ ಮುಖದ ಮುಂದಿನಿಂದ ಕೈ ಚಾಚಿ ದಾರ ಬಿಚ್ಚಿದಳು, ಕುಡಿಯನ್ನು ಬಿಡಿಸಿ ನಿಧಾನವಾಗಿ ಬಲಕ್ಕೆ ಸುತ್ತತೊಡಗಿದಳು. ಬಟ್ಟೆಯ ತೋಳು ಮೇಲೆ ಸರಿದಿತ್ತು. ಮೊಣಕೈಯ ಮೇಲೆ ಬೆಳ್ಳಗಿನ ಗೆರೆ, ಅಡ್ಡಲಾಗಿ ಆರು ಚಿಕ್ಕ ಗೀಟುಗಳು. ಬಳ್ಳಿ ಒಂದೊಂದು ಸುತ್ತು ಮೇಲೇರಿದಂತೆಲ್ಲ ಅವು ಅವನ ಕಣ್ಣಿನ ಹತ್ತಿರ ಬಂದು, ದೂರ ಹೋಗಿ, ಮತ್ತೆ ಹತ್ತಿರ ಬರುತ್ತಿದ್ದವು.